ಸುಣ್ಣ ಬೀಳುವ ಮುನ್ನ

ಬಾಗಿಲೊಳಗೆ ಕಾಲಿಡುತ್ತಲೇ ಬಾವಲಿ ಹಿಕ್ಕೆಯ ಘಾಟು ಮೂಗಿಗೆ ಬಡಿಯುತ್ತದೆ. ದೇವನಹಳ್ಳಿ ಕೋಟೆಯ ಪೂರ್ವದ ಬಾಗಿಲು ಇದು. ಸೂರ್ಯ ಬರಲು ಇನ್ನೂ ಕಾಲು ಗಂಟೆ ಇದೆ. ಕಲ್ಲು, ಗಾರೆ, ನಿಮ್ಮದೇ ಅಂಗೈ, ಎಲ್ಲವೂ ಒಂದೇ ಬೂದು. ಗೋಡೆ ಮುಟ್ಟುತ್ತೀರಿ. ಇಡೀ ರಾತ್ರಿಯ ತಂಪು ಅದರೊಳಗೆ ಕೂತಿದೆ. ಬೆರಳು ಮೇಲಕ್ಕೆ ಸರಿಸಿದರೆ ಕಲ್ಲು ಮುಗಿದು ಗಾರೆ ಶುರುವಾಗುವ ಜಾಗ ಸಿಗುತ್ತದೆ. ಕಲ್ಲು ನುಣುಪು, ಗಾರೆ ತರಿ. ಬೆರಳ ತುದಿಗೆ ಬಿಳಿ ಪುಡಿ ಅಂಟುತ್ತದೆ.

ಮಬ್ಬಿನಲ್ಲಿ ನಿಮ್ಮ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಅನುಮತಿ ಬೇಕು, ಹಾಗಾಗಿ ನಿಮ್ಮ ಮೈಯೇ ಟ್ರೈಪಾಡ್. ಬೆನ್ನನ್ನು ಎದುರುಗೋಡೆಗೆ ಒತ್ತಿ, ಮೊಣಕೈಗಳನ್ನು ಪಕ್ಕೆಗೆ ಬಿಗಿದು, ಅರ್ಧ ಉಸಿರು ಬಿಟ್ಟು ಅಲ್ಲೇ ತಡೆಯುತ್ತೀರಿ. ಸೆಕೆಂಡಿನ ಹದಿನೈದನೇ ಒಂದು ಭಾಗ. ಅಷ್ಟರಲ್ಲಿ ಎದೆಬಡಿತವೊಂದು ನಡುವೆ ಬಂದರೂ ಚಿತ್ರ ಅದುರುತ್ತದೆ. ಕ್ಲಿಕ್. ತಲೆಯ ಮೇಲೆ ಏನೋ ರೆಕ್ಕೆ ಬಡಿದು ಮತ್ತೆ ಸುಮ್ಮನಾಗುತ್ತದೆ. ಪರದೆಯಲ್ಲಿ ನೋಡಿದರೆ, ಬೂದು ಎಂದುಕೊಂಡಿದ್ದ ಗಾರೆಯಲ್ಲಿ ತಾಮ್ರದ ಬಣ್ಣವಿದೆ, ಕಲ್ಲಿನಲ್ಲಿ ನೀಲಿ ಇದೆ, ಮೂಲೆಯ ಪಾಚಿಯಲ್ಲಿ ಹಳದಿಯೂ ಇದೆ.

ಈಗ ನೀವು ಒಂದು ನಿರ್ಧಾರಕ್ಕೆ ಬರಬೇಕು. ಮೊದಲ ಬಿಸಿಲು ಕೋಟೆಯ ನೆತ್ತಿಗೆ ಬೀಳುತ್ತದೆ, ಆಮೇಲೆ ಒಳಗಿನ ಬೀದಿಗೆ ಇಳಿಯುತ್ತದೆ. ಮೇಲೆ ಹತ್ತಿದರೆ ಕೊತ್ತಲದ ಹೊರಮೈ ಸಿಗಬಹುದು, ಆದರೆ ಇಳಿದು ಬರುವಷ್ಟರಲ್ಲಿ ಬೀದಿಯ ಬೆಳಕು ಮುಂದೆ ಹೋಗಿರಬಹುದು. ಕಾಲು ಆಗಲೇ ಮೆಟ್ಟಿಲಿನ ಮೇಲಿದೆ.

ಮೆಟ್ಟಿಲುಗಳು ಎತ್ತರ, ಕೈಹಿಡಿ ಇಲ್ಲ. ಮೇಲೆ ಬಂದಾಗ ಬೇವಿನ ಹೂವಿನ ಕಂಪು, ಅದರ ಹಿಂದೆ ಎಲ್ಲೋ ಕಸ ಸುಟ್ಟ ಹೊಗೆ. 1501ರಲ್ಲಿ ಮಲ್ಲಬೈರೇಗೌಡ ಇಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ಅದನ್ನು ಮುತ್ತಿ ಹಿಡಿದ. ಹೈದರ್ ಅಲಿ ಎಂಬ ಸೈನಿಕ ದಳವಾಯಿಯ ಕಣ್ಣಿಗೆ ಬಿದ್ದದ್ದು ಆ ಮುತ್ತಿಗೆಯಲ್ಲೇ. ಅದಾದ ಸ್ವಲ್ಪ ಕಾಲಕ್ಕೆ ಅವನ ಮಗ ಟಿಪ್ಪು ಹುಟ್ಟಿದ್ದು ಈ ಗೋಡೆಯಿಂದ ಕೂಗಳತೆಯಲ್ಲಿ. ಮಣ್ಣಿನ ಕೋಟೆ ಕಲ್ಲಿನದಾದದ್ದು ಅಪ್ಪ ಮಗನ ಕಾಲದಲ್ಲಿ. 1791ರಲ್ಲಿ ಅದು ಕಾರ್ನ್‌ವಾಲಿಸನ ಸೇನೆಯ ಪಾಲಾಯಿತು. ನಿಮಗೆ ಸದ್ಯಕ್ಕೆ ಬೇಕಾದದ್ದು ಇದರಲ್ಲಿ ಒಂದೇ: ಕೆಳಗೆ ಕಡೆದ ಕಲ್ಲು, ಮೇಲೆ ಇಟ್ಟಿಗೆ ಮತ್ತು ಗಾರೆಯ ತಲೆಗೋಡೆ, ಅದರಲ್ಲಿ ಬಂದೂಕಿನ ಕಿಂಡಿಗಳು. ಕಲ್ಲು ಬಿಸಿಲನ್ನು ಒಂದು ಥರ ಹಿಡಿಯುತ್ತದೆ, ಇಟ್ಟಿಗೆ ಇನ್ನೊಂದು ಥರ. ಅವೆರಡರ ನಡುವಿನ ಗೆರೆ ನಿಮಗೆ ಬೇಕು. ಅದು ಕಾಣುವುದು ಹೊರಗಡೆಯಿಂದ ಮಾತ್ರ.

ಹೊಟ್ಟೆ ನೆಲಕ್ಕೆ ಹಾಕಿ ಮಲಗುತ್ತೀರಿ. ತಲೆಗೋಡೆ ಕುಸಿದು ತೆರೆದುಕೊಂಡ ಕಡೆ ಎದೆಯವರೆಗೆ ಹೊರಚಾಚುತ್ತೀರಿ. ಅಂಗಿಯೊಳಕ್ಕೆ ಇಟ್ಟಿಗೆಯ ಪುಡಿ ನುಗ್ಗುತ್ತದೆ, ಪಕ್ಕೆಲುಬಿಗೆ ಚೂಪು ಕಲ್ಲೊಂದು ಒತ್ತುತ್ತದೆ, ಕೆಳಗೆ ಮುಳ್ಳುಕಂಟಿ. ಪೂರ್ವದಲ್ಲಿ ಕಿತ್ತಳೆ ಗೆರೆ. ಇನ್ನೇನು ಬಂತು. ಅಷ್ಟರಲ್ಲಿ ವಿಮಾನವೊಂದು ಏರುವ ಮೊರೆತ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಈ ಊರಿನ ಕಿವಿಗೆ ಅದು ಲೆಕ್ಕಕ್ಕೇ ಇಲ್ಲ, ನಿಮಗೂ ಇಲ್ಲ. ವಿಮಾನ ತಲೆಯ ಮೇಲೆ ಹಾದು ಹೋಗುತ್ತದೆ. ಮೊರೆತ ಹೋಗುವುದಿಲ್ಲ.

ಅದು ಕೆಳಗಿನಿಂದ ಬರುತ್ತಿದೆ.

ಕತ್ತು ತಿರುಗಿಸದೆ ಕಣ್ಣು ಮಾತ್ರ ಇಳಿಸುತ್ತೀರಿ. ನಿಮ್ಮ ಎಡಗೈಯಿಂದ ಒಂದು ಮಾರು ದೂರದಲ್ಲಿ, ತಲೆಗೋಡೆಯ ಅಂಚಿನಡಿ, ಕಪ್ಪಗೆ ಒಂದು ತೊಟ್ಟಿಲಿನಷ್ಟು ನೇತಾಡುತ್ತಿದೆ. ಹೆಜ್ಜೇನು. ನೋಡುತ್ತಿದ್ದಂತೆ ಅದರ ಮೈಮೇಲೆ ಒಂದು ಅಲೆ ಮೇಲಿನಿಂದ ಕೆಳಕ್ಕೆ ಓಡುತ್ತದೆ. ಸಾವಿರಾರು ಹುಳು ಒಂದರ ಹಿಂದೊಂದು ಹೊಟ್ಟೆ ಎತ್ತಿ ಇಳಿಸುತ್ತವೆ. ಕಂಡೆ ನಿನ್ನನ್ನು ಎನ್ನುವುದು ಹೀಗೆ. ಮತ್ತೊಂದು ಅಲೆ. ಬೆಳಿಗ್ಗೆ ತಲೆಗೆ ಹಚ್ಚಿದ ಎಣ್ಣೆಯ ವಾಸನೆ ನಿಮಗೇ ಈಗ ಮೂಗಿಗೆ ಬರುತ್ತದೆ. ಬಾಯಿ ಒಣಗುತ್ತದೆ. ಬಿಸಿಲು ಬಂದೇ ಬಿಡುತ್ತದೆ, ಕಲ್ಲಿನ ಅಂಚು ಕೆಂಡವಾಗುತ್ತದೆ, ಆ ಗೆರೆ ಎದ್ದು ನಿಲ್ಲುತ್ತದೆ, ನೀವು ಬಂದದ್ದು ಇದಕ್ಕೇ. ಬೆರಳು ಗುಂಡಿಯ ಮೇಲಿದೆ. ಒತ್ತಲೇ? ಶಟರಿನ ಸದ್ದು ಎಷ್ಟು ಜೋರು? ಒಂದು ಹುಳು ಬಂದು ಲೆನ್ಸಿನ ಅಂಚಿನ ಮೇಲೆ ಕೂರುತ್ತದೆ. ಇನ್ನೊಂದು ಕಿವಿಯ ಪಕ್ಕ. ಮೂರನೆಯದು. ಓಡುವಂತಿಲ್ಲ, ಕೈ ಬೀಸುವಂತಿಲ್ಲ. ಹೊಟ್ಟೆಯ ಮೇಲೆ ತೆವಳುತ್ತ, ಮೊಣಕೈ ಸುಲಿಯುತ್ತ, ಗೇಣು ಗೇಣಾಗಿ ಹಿಂದಕ್ಕೆ. ಹಿಂದಕ್ಕೆ. ಪಾದಕ್ಕೆ ಮೆಟ್ಟಿಲಿನ ಅಂಚು ತಗಲುತ್ತದೆ.

ಆ ಚಿತ್ರ ಸಿಗಲಿಲ್ಲ. ಕೆಳಗಿಳಿಯುವಾಗ ಮೊಣಕಾಲು ನಡುಗುತ್ತಿದೆ. ನಡುಕದ ಕಾಲಿಗೆ ಮೆಟ್ಟಿಲು ಇನ್ನಷ್ಟು ಎತ್ತರ.

ಬೀದಿಯಲ್ಲಿ ಲೋಕವೇ ಬೇರೆ. ನಲ್ಲಿಯ ಮುಂದೆ ಬಿಂದಿಗೆಗಳ ಸಾಲು, ಯಾರದೋ ಮನೆಯ ಒಗ್ಗರಣೆ, ವೇಣುಗೋಪಾಲಸ್ವಾಮಿ ಗುಡಿಯ ಕಡೆಯಿಂದ ಗಂಟೆ. ಈ ಕೋಟೆ ಖಾಲಿ ಕೋಟೆಯಲ್ಲ, ಒಳಗೆ ಜನ ಇದ್ದಾರೆ. ನಾಡಹೆಂಚಿನ ಮನೆ, ಜಗುಲಿ, ಗೂಡು, ಅದರ ಪಕ್ಕದಲ್ಲೇ ಸಿಮೆಂಟಿನ ಎರಡಂತಸ್ತು. ಇಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ನೇರವಾಗಿ ಓಡುವ ಗಲ್ಲಿಯೊಂದು ನಿಮಗೆ ಬೇಕು, ಅದೂ ಈ ವಾರದಲ್ಲೇ. ಮಾರ್ಚ್ 20ರ ಆಸುಪಾಸಿನಲ್ಲಿ ಸೂರ್ಯ ಕರಾರುವಾಕ್ಕಾಗಿ ಪೂರ್ವದಲ್ಲೇ ಹುಟ್ಟುತ್ತಾನೆ. ಆಗ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಮೇಲೆ ಬೆಳಕು ಎದುರಿನಿಂದ ಬೀಳುವುದಿಲ್ಲ, ಪಕ್ಕದಿಂದ ಸವರಿಕೊಂಡು ಹೋಗುತ್ತದೆ. ಒಂದು ಅಕ್ಕಿಕಾಳಿನಷ್ಟು ಉಬ್ಬಿಗೂ ಬೆರಳುದ್ದದ ನೆರಳು. ಸೂರ್ಯ ಮೇಲೇರುತ್ತ ಹೋದಂತೆ ಆ ನೆರಳು ಮೊಟಕಾಗುತ್ತದೆ. ಮೇ ತಿಂಗಳಲ್ಲಿ ಬಂದರೆ ಬೆಳಗಿನ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ, ಗೋಡೆ ನೆರಳಲ್ಲಿರುತ್ತದೆ.

ತೊಂದರೆ ಎಂದರೆ, ಯುಗಾದಿಯೂ ಇದೇ ಹೊತ್ತಿಗೆ ಬರುತ್ತದೆ.

ಗೋಡೆ ಸಿಗುತ್ತದೆ. ಸಿಕ್ಕ ಕ್ಷಣ ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಗುತ್ತದೆ. ಉದ್ದಕ್ಕೆ ಹದಿನೈದು ಹೆಜ್ಜೆ, ಪೂರ್ವದ ತುದಿಯಲ್ಲಿ ಮರದ ಬಾಗಿಲು. ಮೇಲಿನ ಪದರ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಎಮಲ್ಷನ್. ಅದು ಹಾಳೆ ಹಾಳೆಯಾಗಿ ಎದ್ದು ಹೊರಳಿ ನಿಂತಿದೆ. ಮಣ್ಣಿನ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡಬೇಕು. ಸುಣ್ಣ ಅದಕ್ಕೆ ಅಡ್ಡಿ ಮಾಡುವುದಿಲ್ಲ, ಪುಡಿಪುಡಿಯಾಗಿ ಉದುರುತ್ತ ದಾರಿ ಕೊಡುತ್ತದೆ. ಪ್ಲಾಸ್ಟಿಕ್ ಬಣ್ಣ ಬಾಯಿ ಮುಚ್ಚಿಸುತ್ತದೆ, ತೇವ ಅದನ್ನೇ ದೂಡಿ ಎಬ್ಬಿಸುತ್ತದೆ. ಗುಲಾಬಿಯ ಕೆಳಗೆ ಬಿಳಿ, ಬಿಳಿಯ ಕೆಳಗೆ ನೀಲಿ ಹಾಕಿದ ಬಿಳಿ, ಅದರಡಿ ತೆಳು ಹಸಿರು ನೀಲಿಯ ಒಂದು ಪದರ. ಇದು ಮೈಲುತುತ್ತ ಬೆರೆಸಿದ ಸುಣ್ಣ ಇರಬೇಕು. ಸುತ್ತಲಿನ ದ್ರಾಕ್ಷಿ ತೋಟದವರಿಗೆ ಈ ಬೆರಕೆ ಹೊಸದಲ್ಲ, ಬೋರ್ಡೋ ದ್ರಾವಣವೆಂದು ಬಳ್ಳಿಗೆ ಹೊಡೆಯುವುದೂ ಅದನ್ನೇ. ಕೆಳಗಡೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟೆ, ಮಳೆಯ ಎರಚಲು ಕಾಣದಿರಲೆಂದು. ಎಲ್ಲದರ ತಳದಲ್ಲಿ, ಅಲ್ಲಲ್ಲಿ, ಹುಲ್ಲಿನ ಚೂರು ಕಾಣುವ ಹಸಿಮಣ್ಣು.

ಬಾಗಿಲಿನ ಪಕ್ಕ, ಒಂದು ದಪ್ಪ ಚಕ್ಕೆ ಬಿದ್ದುಹೋದ ಜಾಗದಲ್ಲಿ, ಕಪ್ಪು ಗೆರೆಗಳಿವೆ. ಚೌಕಗಳು, ಅಳಿಸಿದ ಅಂಕಿಗಳು, ಇಂಗ್ಲಿಷ್ ಅಕ್ಷರದ ಅಚ್ಚಿನ ತುಂಡು. ಮಲೇರಿಯಾದವರ ಗುರುತು. 1958ರಲ್ಲಿ ಶುರುವಾದ ಮಲೇರಿಯಾ ನಿರ್ಮೂಲನ ಕಾರ್ಯಕ್ರಮದ ಕೆಲಸಗಾರ ಹದಿನೈದು ದಿನಕ್ಕೊಮ್ಮೆ ಮನೆ ಮನೆಗೆ ಬಂದು, ಜ್ವರ ಬಂದವರಿದ್ದರೆ ಬೆರಳು ಚುಚ್ಚಿ ರಕ್ತದ ಲೇಪ ತೆಗೆದು, ಗೋಡೆಯ ಮೇಲೆ ತಾರೀಕು ಬರೆದು ಹೋಗುತ್ತಿದ್ದ. ಅದು ನೆರಳಲ್ಲಿದೆ. ಕೋಟೆಯ ಗೋಡೆ ಪೂರ್ವಕ್ಕೆ ಅಡ್ಡ ಇರುವುದರಿಂದ ಬಿಸಿಲು ಮೊದಲು ಪಶ್ಚಿಮದ ತುದಿಗೆ, ಮೇಲುಗಡೆಗೆ ಬೀಳುತ್ತದೆ. ಇಂಚು ಇಂಚಾಗಿ ಇಳಿಯುತ್ತ ಈ ಕಡೆ ಬರಬೇಕು. ಇನ್ನೂ ಹತ್ತು ನಿಮಿಷ.

"ಏನ್ ಮಗಾ, ಬೆಳ್‌ಬೆಳಿಗ್ಗೆ ಗೋಡೆ ಅಳೀತಾ ಇದೀಯಾ? ನೋಟೀಸ್ ಕೊಡೋರಾ?"

ಬಾಗಿಲಲ್ಲಿ ಅಜ್ಜಿ. ಕೈಯಲ್ಲಿ ಕತ್ತಾಳೆ ನಾರಿನ ಕುಂಚ. ಅವರ ಹಿಂದೆ ಮಧ್ಯವಯಸ್ಸಿನ ಮಗ, ಲುಂಗಿ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಕರಣೆ. ಪ್ರಶ್ನೆ ಕೇಳಿದ್ದರಲ್ಲಿ ತಪ್ಪಿಲ್ಲ. ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯ ಮೇಲೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಇಲ್ಲಿ ಹಳೇ ಗೋಡೆಗಳು ಉಳಿದಿರುವುದಕ್ಕೆ ಅದೂ ಒಂದು ಕಾರಣ. ಕ್ಯಾಮೆರಾ ಹಿಡಿದು ಗೋಡೆ ನೋಡುವವರನ್ನು ಕಂಡರೆ ಜನಕ್ಕೆ ಎದೆ ಧಸಕ್ಕೆನ್ನುವುದಕ್ಕೂ ಅದೇ ಕಾರಣ.

"ಇಲ್ಲಜ್ಜಿ, ಆಫೀಸಿಂದ ಅಲ್ಲ. ಸುಮ್ನೆ ಫೋಟೋ."

"ಈ ಗೋಡೇದಾ? ಏನೈತೆ ಇದ್ರಲ್ಲಿ?"

"ಬಣ್ಣ ಚೆನ್ನಾಗೈತೆ."

ಹೇಳಿದ ಮೇಲೆ ನಿಮಗೆ ಅದು ಎಷ್ಟು ಅಸಂಬದ್ಧ ಎಂದು ಕೇಳಿಸುತ್ತದೆ. ಅಜ್ಜಿ ಗೋಡೆಯನ್ನೂ ನಿಮ್ಮನ್ನೂ ಒಂದು ಸಲ ನೋಡುತ್ತಾರೆ. "ಬಣ್ಣ ಎಲ್ಲೈತೆ? ಎಲ್ಲಾ ಉದುರೋಗೈತೆ. ಮಗಳ ಮದ್ವೇಲಿ ಹೊಡ್ಸಿದ್ದು. ಆಮೇಲೆ ಯಜಮಾನ್ರು ಹೋದ್ರು. ಎರಡು ವರ್ಷ ಹಬ್ಬ ಮಾಡ್ಲಿಲ್ಲ, ಸುಣ್ಣ ಬಳೀಲಿಲ್ಲ. ಈ ವರ್ಷ ನೆಂಟ್ರು ಬರ್ತಾರೆ."

ನೀವು ಮತ್ತೆ ಗೋಡೆಯ ಕಡೆ ತಿರುಗುತ್ತೀರಿ, ಅವರ ಮುಖ ನೋಡಲಾಗದೆ. ಸುಣ್ಣ ತಪ್ಪಿದ ಎರಡು ವರ್ಷ. ನೀವು ಇಷ್ಟು ಹೊತ್ತು ಬೆರಳಾಡಿಸಿ ಮೆಚ್ಚಿದ ಚಕ್ಕೆಗಳು ಆ ಎರಡು ವರ್ಷದವು.

ಮಗ ಬಕೆಟ್ ಕೆಳಗಿಡುತ್ತಾನೆ. ರಾತ್ರಿಯೇ ಅರಳಿಸಿಟ್ಟ ಸುಣ್ಣ. ಅಂಗಡಿಯ ಪುಡಿಯಲ್ಲ, ಸುಟ್ಟ ಸುಣ್ಣದ ಕಲ್ಲನ್ನೇ ನೀರಿಗೆ ಹಾಕಿದ್ದು. ಗೂಡಿನಲ್ಲಿ 900 ಡಿಗ್ರಿಯಷ್ಟು ಕಾವಿನಲ್ಲಿ ಸುಟ್ಟ ಕಲ್ಲು, ನೀರು ತಗುಲಿದರೆ ಕುದಿಯುತ್ತದೆ, ಬಳಿದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲ್ಲಗೆ ಮತ್ತೆ ಕಲ್ಲೇ ಆಗುತ್ತದೆ. ಬಕೆಟ್ಟಿನಿಂದ ಬರುವ ವಾಸನೆ ಮೂಗಿನ ಒಳಗೆ ಚುರುಗುಟ್ಟುತ್ತದೆ. ಆದರೆ ನಿಮ್ಮ ಕಣ್ಣು ಕರಣೆಯ ಮೇಲಿದೆ. ಪ್ಲಾಸ್ಟಿಕ್ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ, ಮೊದಲು ಎಲ್ಲ ಕೆರೆದು ತೆಗೆಯಬೇಕು. ಕೆರೆದದ್ದು ಮತ್ತೆ ಬರುವುದಿಲ್ಲ.

ಕೇಳಬೇಕೋ ಬೇಡವೋ? ಮನೆ ಅವರದು, ಹಬ್ಬ ಅವರದು. ನಿಮ್ಮದು ಬರೀ ಕಣ್ಣಿನ ಚಪಲ. ನಾಲಿಗೆ ಮಾತ್ರ ಕೇಳಿಯೇ ಬಿಡುತ್ತದೆ. "ಅಜ್ಜಿ, ಒಂದು ಹತ್ತು ನಿಮಿಷ ತಡೀತೀರಾ? ಬಿಸ್ಲು ಇಲ್ಲಿಗೆ ಬರೋವರ್ಗೂ."

ಅಜ್ಜಿ ನಗುತ್ತಾರೆ. ಎಲೆ ಅಡಿಕೆ ಬಾಯಿ. "ಹಿಂದೆ ಮಲೇರಿಯಾದೋರೂ ಹಿಂಗೇ. ಒಳಗೆಲ್ಲ ಮದ್ದು ಹೊಡ್ದು, ಸುಣ್ಣ ಬಳೀಬ್ಯಾಡಿ, ಮದ್ದು ಕೆಟ್ಟೋಗುತ್ತೆ ಅನ್ನೋರು. ಹಬ್ಬ ಬಂದ್ರೆ ಬಳೀದೆ ಇರ್ತಾರಾ? ನಮ್ಮತ್ತೆ ಅವ್ರು ಬೀದಿ ದಾಟೋದೇ ಕಾಯ್ತಿದ್ರು."

"ಎಂಟಕ್ಕೆ ಫ್ಯಾಕ್ಟ್ರಿ ಬಸ್ ಬರುತ್ತೆ," ಎನ್ನುತ್ತಾನೆ ಮಗ. ಆಮೇಲೆ ಗಲ್ಲಿಯ ಉದ್ದವನ್ನು ಕಣ್ಣಲ್ಲೇ ಅಳೆದು, "ಆ ಕಡೆಯಿಂದ ಶುರು ಮಾಡ್ತೀನಿ. ನೀವು ತಕ್ಕೊಳ್ಳಿ, ಬೇಗ."

ಆ ಕಡೆ ಎಂದರೆ ಪಶ್ಚಿಮ. ಬಿಸಿಲು ಆಗಲೇ ಬಿದ್ದಿರುವ ತುದಿ. ಬೆಳಕು ಮುಂದೆ, ಕರಣೆ ಹಿಂದೆ, ನೀವು ಮಧ್ಯೆ.

ಕರ್ರ್. ಮೊದಲ ಗೀರಿಗೆ ಹಲ್ಲು ಜುಮ್ಮೆನ್ನುತ್ತದೆ. ನೀವು ಎರಡು ಹೆಜ್ಜೆ ಮುಂದೆ, ಸೆನ್ಸರ್ ಗೋಡೆಗೆ ಸಮನಾಗುವಂತೆ ಕ್ಯಾಮೆರಾ ಹಿಡಿಯುತ್ತೀರಿ. ಕೊಂಚ ಓರೆಯಾದರೂ ಒಂದು ಅಂಚು ಮಸುಕು. ಅಪರ್ಚರ್ ಎಂಟು. ಎಕ್ಸ್‌ಪೋಷರ್ ಒಂದಿಷ್ಟು ಕಡಿಮೆ, ಇಲ್ಲದಿದ್ದರೆ ಬಿಳಿ ಸುಟ್ಟುಹೋಗುತ್ತದೆ. ಗುಲಾಬಿ ಚಕ್ಕೆಯ ಒಂದೊಂದು ಸುರುಳಿಯೂ ತನ್ನ ನೆರಳನ್ನು ಪಕ್ಕದ ನೀಲಿಯ ಮೇಲೆ ಚಾಚಿದೆ. ಕ್ಲಿಕ್. ಇನ್ನೂ ಹತ್ತಿರ. ಕ್ಲಿಕ್. ಕಳೆದ ಶತಮಾನದ ಮೂವತ್ತರ ದಶಕದಿಂದ ಪ್ಯಾರಿಸ್ಸಿನ ಗೋಡೆಗೀಚುಗಳ ಚಿತ್ರ ತೆಗೆದ ಬ್ರಸ್ಸಾಯ್ ಪ್ರತಿ ಗೋಡೆಯ ವಿಳಾಸವನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ವರ್ಷಗಳ ಮೇಲೆ ಮತ್ತೆ ಹೋಗಿ ಅದು ಏನಾಗಿದೆ ಎಂದು ನೋಡುತ್ತಿದ್ದನಂತೆ. ನಿಮ್ಮ ಗೋಡೆಗೆ ಅಷ್ಟು ಆಯುಸ್ಸಿಲ್ಲ. ಕರ್ರ್, ಕರ್ರ್. ಗುಲಾಬಿ ಹಾಳೆಗಳು ಗಲ್ಲಿಯ ನೆಲಕ್ಕೆ ಬೀಳುತ್ತಿವೆ. ಧೂಳು ಬಿಸಿಲಿನಲ್ಲಿ ಹೊಗೆಯಾಡುತ್ತದೆ, ಗಂಟಲಿಗೆ ಇಳಿಯುತ್ತದೆ, ಕೆಮ್ಮು ತಡೆದರೆ ಕಣ್ಣಲ್ಲಿ ನೀರು.

ಮುಂದೆ. ಹಸಿರು ನೀಲಿಯ ಪದರ, ಅದರ ಮೇಲೆ ಗೆದ್ದಲು ಹತ್ತಿದ ಒಣ ದಾರಿ. ಕ್ಲಿಕ್. ಸ್ಕೂಟರೊಂದು ಹಾರ್ನ್ ಹೊಡೆಯುತ್ತ ಬರುತ್ತದೆ, ನೀವು ಗೋಡೆಗೆ ಅಂಟಿಕೊಳ್ಳುತ್ತೀರಿ, ಭುಜಕ್ಕೆ ಕೆಮ್ಮಣ್ಣು ಮೆತ್ತುತ್ತದೆ. ಅದರ ನೆರಳು ಹಾದು ಹೋಗುವಷ್ಟರಲ್ಲಿ ಕರಣೆ ಇನ್ನೊಂದು ಮಾರು ಮುಂದೆ ಬಂದಿದೆ. ಹಿಂದಿನಿಂದ ಅಜ್ಜಿಯ ಕುಂಚ, ಚಪ್ ಚಪ್, ಕೆರೆದ ಮೈಮೇಲೆ ಒದ್ದೆ ಸುಣ್ಣ. ಹನಿಯೊಂದು ನಿಮ್ಮ ಮುಂಗೈಗೆ ಸಿಡಿದು ಉರಿಯುತ್ತದೆ. ಕಣ್ಣಿಗೆ ಬಿದ್ದಿದ್ದರೆ? ಲೆನ್ಸಿಗೆ? ಒರೆಸಲು ಹೊತ್ತಿಲ್ಲ.

ಬಿಸಿಲು ಅಚ್ಚಿನ ಮೇಲಂಚಿಗೆ ಬಂತು. ಅರ್ಧ ಬೆಳಕು, ಅರ್ಧ ನೆರಳು. ಈಗಲೇ ತೆಗೆದರೆ ಒಂದು ಬದಿ ಕಪ್ಪು. ಕಾದರೆ ಕರಣೆ. ಮಗನ ಉಸಿರು ಕೇಳುವಷ್ಟು ಹತ್ತಿರ. ಕರ್ರ್. ಚೌಕದ ಮೊದಲ ಗೆರೆ ಬೆಳಗುತ್ತದೆ. ಒಂದು ಏಳು, ಪಕ್ಕದಲ್ಲಿ ಯಾರದೋ ಸಹಿಯ ಬಾಲ. ಕರ್ರ್. ಎರಡನೆಯ ಗೆರೆ. ಮಗ ಕರಣೆ ಎತ್ತಿದವನು ನಿಮ್ಮನ್ನು ನೋಡಿ ನಿಲ್ಲುತ್ತಾನೆ, ಆದರೆ ಅವನ ಎಡಗೈ ಗೋಡೆಯ ಮೇಲೇ ಇದೆ. ಬೆರಳಿಗೆಲ್ಲ ಸುಣ್ಣ, ಉಗುರಿನಡಿ ಗುಲಾಬಿ. ಚೌಕಟ್ಟಿನ ಎಡ ಅಂಚಿನಲ್ಲಿ ಸರಿಯಾಗಿ. ಕೈ ತೆಗೀರಿ ಎನ್ನಬಹುದು. ಈವರೆಗೆ ನಿಮ್ಮ ಗೋಡೆಗಳಲ್ಲಿ ಮನುಷ್ಯರಿಲ್ಲ, ಬೇಕೆಂದೇ ಇಲ್ಲ. ಬರೀ ಬಣ್ಣ, ಬರೀ ಬಿರುಕು, ಯಾರೂ ಕಟ್ಟದ, ಯಾರೂ ಬಳಿಯದ ಹಾಗೆ. ಬಿಸಿಲು ಪೂರ್ತಿ ಬಿತ್ತು. ಅರ್ಧ ಉಸಿರು ಬಿಟ್ಟು ತಡೆಯುತ್ತೀರಿ.

ಕೈಯ ಸಮೇತ ಒತ್ತುತ್ತೀರಿ.

"ಆಯ್ತಾ?"

"ಆಯ್ತು."

ಕರಣೆ ಮೂರು ಗೀರಿನಲ್ಲಿ ಮಲೇರಿಯಾ ಮುಗಿಸುತ್ತದೆ. ಅಂಕಿಗಳು ಪುಡಿಯಾಗಿ ಹೊಸ್ತಿಲ ಮೇಲೆ ಬೀಳುತ್ತವೆ, ಅಜ್ಜಿ ಪೊರಕೆಯಿಂದ ಆ ಕಡೆ ತಳ್ಳುತ್ತಾರೆ. ಕುಂಚ ಬಾಗಿಲವರೆಗೂ ಬಂದು ನಿಲ್ಲುತ್ತದೆ. ಈಗ ನೋಡಿದರೆ ಗೋಡೆ ಬೆಳ್ಳಗಿಲ್ಲ. ಒದ್ದೆ ಸುಣ್ಣ ಗಾಜಿನಂತೆ, ಅಡಿಯ ಮಣ್ಣು, ಕಲೆ ಎಲ್ಲ ಅದರ ಮೂಲಕ ಕಾಣುತ್ತವೆ. ಒಣಗುತ್ತ ಒಣಗುತ್ತ ಬಿಳುಪು ಏರುತ್ತದೆ. ನಿಮಗೆ ಈ ಅರೆಪಾರದರ್ಶಕ ಸ್ಥಿತಿಯೂ ಆಸೆ ಹುಟ್ಟಿಸುತ್ತದೆ, ಕ್ಯಾಮೆರಾ ಮತ್ತೆ ಮೇಲಕ್ಕೇಳುತ್ತದೆ.

"ಈಗ ತೆಗೀಬ್ಯಾಡ," ಅಜ್ಜಿ ಕೈ ಅಡ್ಡ ಹಿಡಿಯುತ್ತಾರೆ. "ಹಸಿ ಗೋಡೆ ಕಪ್ಪಗೆ ಬರುತ್ತೆ. ಒಣಗ್ಲಿ. ಆಮೇಲೆ ನಮ್ಮಿಬ್ರನ್ನೂ ನಿಲ್ಸಿ ತೆಗಿ."

"ಅವ್ವಾ, ನಂಗೆ ಬಸ್ಸು," ಎನ್ನುತ್ತಾನೆ ಮಗ.

"ಮುಂದಿನ ಬಸ್ಸಿಗೆ ಹೋಗು."

ಒಣಗಲು ಒಂದು ಗಂಟೆಯಾದರೂ ಬೇಕು. ಅಷ್ಟರಲ್ಲಿ ಸೂರ್ಯ ಹೆಂಚಿನ ಮೇಲೆ ಬಂದಿರುತ್ತಾನೆ, ಕಣ್ಣಿನ ಕೆಳಗೆ ಗಟ್ಟಿ ನೆರಳು ಬೀಳುತ್ತದೆ, ಹಿಂದಿನ ಗೋಡೆ ಕಣ್ಣು ಕುಕ್ಕುತ್ತದೆ. ಅಂಥ ಬೆಳಕಿನಲ್ಲಿ ನೀವು ಯಾರ ಚಿತ್ರವನ್ನೂ ತೆಗೆಯುವುದಿಲ್ಲ. ಅದನ್ನು ಹೇಳಲು ಬಾಯಿ ತೆರೆಯುತ್ತೀರಿ. "ಅಜ್ಜಿ, ಆ ಹೊತ್ತಿಗೆ ಬಿಸ್ಲು..."

"ನೀನು ಹೇಳ್ದಾಗ ನಾವು ತಡೀಲಿಲ್ವಾ? ಕೂತ್ಕೋ," ಎಂದು ಜಗುಲಿ ತೋರಿಸಿ ಒಳಗೆ ಹೋಗುತ್ತಾರೆ. ಒಳಗಿನಿಂದ ಪಾತ್ರೆಯ ಸದ್ದು, ಆಮೇಲೆ ಅವರ ದನಿ. "ಕಾಫಿನಾ, ಟೀನಾ?"